ದೀಪ ತೋರಿಸಕೂಡದು

ಆ ಎರಡು ಪದಗಳನ್ನು ಬರೆದವರು ನಮ್ಮ ತಂದೆ. ಮನೆಯ ಮಕ್ಕಳೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಯ ಕೊನೆಗೆ ಹೋಗಿ ನಿಂತರೆ ಮಾಗಡಿ ರಸ್ತೆಯ ಕಡೆಯ ರಾಗಿ ಹೊಲಗಳು ಕಾಣುತ್ತಿದ್ದವು. ಅಣ್ಣ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾಗಿದ್ದರು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ವ್ಯಾಸಪೀಠವನ್ನು ಮುಂದೆ ಎಳೆದುಕೊಂಡು ಹಳೆಯ ಕಾವ್ಯವನ್ನು ರಾಗವಾಗಿ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಅರ್ಥವಾದ ಪದ್ಯವನ್ನೂ ಕೇಳುತ್ತಿದ್ದೆ, ಆಗದ್ದನ್ನೂ ಕೇಳುತ್ತಿದ್ದೆ. ಕೇಳುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಬಿ.ಎಸ್‌ಸಿ. ಮುಗಿಸಿ ಡಾಕ್ಟರ್ ಕೃಷ್ಣಪ್ಪನವರ ಪ್ರಯೋಗಶಾಲೆಗೆ ಸೇರಿದ ಮೇಲೆ ನೋಡುವುದನ್ನೂ ಕಲಿತೆ. ಅದು ಹಳೆಯದೊಂದು ಬಂಗಲೆ. ನಾಲ್ಕು ಸೂಕ್ಷ್ಮದರ್ಶಕಗಳು, ಒಂದು ಕತ್ತಲೆ ಕೋಣೆ. ಆಕಾಶದ ಆಚೆಯಿಂದ ಕಣ್ಣಿಗೆ ಕಾಣದ ಕಣಗಳು ಹಗಲೂ ರಾತ್ರಿ ಭೂಮಿಗೆ ಸುರಿಯುತ್ತಿರುತ್ತವೆ. ಫೋಟೋ ಫಿಲಮ್ಮಿಗೆ ಹಚ್ಚುವಂಥ ಲೇಪವನ್ನು ದಪ್ಪವಾಗಿ ಹಚ್ಚಿದ ಗಾಜಿನ ಫಲಕಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ, ಬಲೂನಿಗೆ ಕಟ್ಟಿ ಲಕ್ಷ ಅಡಿ ಮೇಲಕ್ಕೆ ಬಿಟ್ಟರೆ ಆ ಕಣಗಳು ಲೇಪದೊಳಗೆ ಗೆರೆ ಎಳೆದು ಹೋಗುತ್ತವೆ. ಕಣವೊಂದು ಪರಮಾಣುವಿನ ನಡುವಿಗೆ ಬಡಿದು ಒಡೆದ ಕಡೆ ಗೆರೆಗಳು ಸುತ್ತಲೂ ಚಿಮ್ಮಿರುತ್ತವೆ. ಅದಕ್ಕೆ ನಾವು ನಕ್ಷತ್ರ ಎನ್ನುತ್ತಿದ್ದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ನಕ್ಷತ್ರ ಹುಡುಕಿ ದಾಖಲೆ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

ಐವತ್ತೇಳನೆಯ ಇಸವಿಯ ಬಲೂನು ಮಾತ್ರ ನಮ್ಮದೊಂದೇ ಆಗಿರಲಿಲ್ಲ. ಕೃಷ್ಣಪ್ಪನವರು ಬ್ಯಾಡರಹಳ್ಳಿಯ ಬೇಸಾಯದ ಮನೆಯವರು. ಕಡಲಾಚೆಗೆ ಹೋಗಿ ಓದಿ ಬಂದಿದ್ದರು. ಅಲ್ಲಿ ಸ್ನೇಹವಾದ ಇಬ್ಬರು ವಿಜ್ಞಾನಿಗಳು ಈಗ ಒಬ್ಬರಿಗೊಬ್ಬರು ಕಾಗದ ಬರೆಯಕೂಡದ ದೇಶಗಳಲ್ಲಿದ್ದರು. ಆ ದೇಶಗಳ ಹೆಸರು ಇಲ್ಲಿ ಬೇಡ; ನಾವು ಒಬ್ಬರನ್ನು ಕಡಲಾಚೆಯವರು, ಇನ್ನೊಬ್ಬರನ್ನು ಹಿಮದಾಚೆಯವರು ಎನ್ನುತ್ತಿದ್ದೆವು. ಎರಡು ಸರ್ಕಾರಗಳಿಗೂ ಒಂದೂವರೆ ವರ್ಷ ಬರೆದು ಬರೆದು ಕೃಷ್ಣಪ್ಪನವರು ಒಪ್ಪಿಗೆ ತರಿಸಿದ್ದರು. ಒಂದೇ ಪೆಟ್ಟಿಗೆ, ನಲವತ್ತೆಂಟು ಫಲಕ, ಮೂರು ಪಾಲು.

ಪಾಲು ಹಾಕುವ ರೀತಿಯಲ್ಲಿ ಅವರದೊಂದು ಉಪಾಯವಿತ್ತು. ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಹೋಗುವ ಹಾಗೆ ಒಂದನೆಯದು ನಮಗೆ, ಎರಡನೆಯದು ಕಡಲಾಚೆಗೆ, ಮೂರನೆಯದು ಹಿಮದಾಚೆಗೆ, ನಾಲ್ಕನೆಯದು ಮತ್ತೆ ನಮಗೆ. ಒಂದು ಕಣ ಎಳೆದ ಗೆರೆ ಹತ್ತು ಫಲಕ ದಾಟಿ ಹೋಗುತ್ತದೆ. ಹೀಗೆ ಹಂಚಿದರೆ ಯಾರೊಬ್ಬರೂ ಒಂದು ಗೆರೆಯನ್ನು ಪೂರಾ ಓದಲಾರರು. ನಿಮ್ಮ ಹದಿನಾಲ್ಕನೆಯ ಫಲಕದಲ್ಲಿ ಈ ಗೆರೆ ಎತ್ತ ಹೋಯಿತು ಎಂದು ಇವರು ಅವರನ್ನು ಕೇಳಲೇಬೇಕು.

"ಅನಂತಲಕ್ಷ್ಮಿ, ಕಾಗದ ಬರೀತಾ ಇರೋ ಕೈ ಇನ್ನೊಂದು ಕೆಲಸಕ್ಕೆ ಬೇಗ ಹೋಗಲ್ಲಮ್ಮ," ಎಂದಿದ್ದರು ನನ್ನ ಹತ್ತಿರ. ಅವರು ಹೆಚ್ಚು ಮಾತಿನವರಲ್ಲ. ಆ ದಿನ ಪೆಟ್ಟಿಗೆಯ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಅಂಟಿಸುತ್ತ ತಮಗೇ ಹೇಳಿಕೊಂಡ ಹಾಗೆ ಹೇಳಿದ್ದು.

ಒಪ್ಪಿಗೆಯ ಪತ್ರಗಳಲ್ಲಿ ಒಂದು ಷರತ್ತೂ ಇತ್ತು. ಜೂನ್ ಕೊನೆಯೊಳಗೆ ಪಾಲು ತಲುಪಬೇಕು. ಇದೊಂದು ಸಲ ನೋಡುತ್ತೇವೆ; ತಪ್ಪಿದರೆ ಮತ್ತೆ ಕೇಳಬೇಡಿ.

ಪೆಟ್ಟಿಗೆ ಎಲ್ಲಿ ಬೀಳುತ್ತದೋ ಹೇಳಲಾಗದು. ಸಿಕ್ಕಿದವರಿಗೆ ತಿಳಿಯಲೆಂದು ಕನ್ನಡದಲ್ಲಿ ಒಂದು ಸೂಚನೆ ಅಂಟಿಸುವುದಿತ್ತು. ಇಂಗ್ಲಿಷಿನ ಹಾಳೆಯನ್ನು ನಾನೇ ಮನೆಗೆ ತಂದೆ. ಬೆಳಕು ಬಿದ್ದರೆ ಫಲಕಗಳು ಹಾಳು ಎನ್ನುವುದು ಅದರ ಮುಖ್ಯ ಮಾತು. ಅಣ್ಣ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಬೆಳಕಿಗೆ ಒಡ್ಡಬೇಡಿ ಎಂದರೆ ಹಳ್ಳಿಯವರಿಗೆ ಏನು ತಿಳಿದೀತು, ರಾತ್ರಿ ಬುಡ್ಡಿ ಹಿಡಿದು ಮುಚ್ಚಳ ತೆಗೆದು ಇಣುಕುವವರಿಗೆ ತಟ್ಟುವಂತೆ ಹೇಳಬೇಕು ಎಂದರು. ಕೊನೆಗೆ ವಿಳಾಸ, ವಿವರವೆಲ್ಲ ಕಾಗದದ ಮೇಲೆ ಬರೆದು, ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಎರಡೇ ಪದ ಬರೆಸಿ ಎಂದರು. ದೀಪ ತೋರಿಸಕೂಡದು. ಬರೆದದ್ದನ್ನು ಒಮ್ಮೆ ರಾಗವಾಗಿ ಓದಿಯೂ ನೋಡಿದರು. ಕಿವಿಗೆ ಚೆನ್ನಾಗಿಯೇ ಇತ್ತು. ನನಗೂ ಏನೂ ಹೊಳೆಯಲಿಲ್ಲ.

ಏಪ್ರಿಲ್ ಹದಿನೆಂಟರ ಬೆಳಿಗ್ಗೆ ಊರಿನ ಪೂರ್ವಕ್ಕಿದ್ದ ಬಯಲಿನಿಂದ ಬಲೂನು ಬಿಟ್ಟೆವು. ಅದು ಪಶ್ಚಿಮಕ್ಕೆ ಸಾಗಿತು. ಮಧ್ಯಾಹ್ನದವರೆಗೆ ದೂರದರ್ಶಕದಲ್ಲಿ ಉಗುರಿನಷ್ಟು ಬೆಳ್ಳಗೆ ಕಾಣುತ್ತಿದ್ದು, ಆಮೇಲೆ ಮಾಗಡಿಯ ದಿಕ್ಕಿನಲ್ಲಿ ಎದ್ದ ಮೋಡದ ಹಿಂದೆ ಹೋಯಿತು. ಮತ್ತೆ ಕಾಣಿಸಲಿಲ್ಲ. ಜೀಪು ಮೂರು ದಿನ ಹಳ್ಳಿ ಹಳ್ಳಿ ಸುತ್ತಿತು. ಯಾರೂ ಕಂಡಿರಲಿಲ್ಲ.

ಆ ತಿಂಗಳು ಪತ್ರಿಕೆ ಬಿಡಿಸಿದರೆ ಎಲ್ಲೋ ಒಂದು ಮರಳುಗಾಡಿನಲ್ಲಿ ಒಬ್ಬರು ಅಣುಬಾಂಬು ಸಿಡಿಸಿದ್ದು, ಎಲ್ಲೋ ಒಂದು ದ್ವೀಪದಲ್ಲಿ ಇನ್ನೊಬ್ಬರು ಸಿಡಿಸಲು ಸಿದ್ಧವಾಗುತ್ತಿದ್ದದ್ದು. ಅಣ್ಣ ಅಂಥ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿರಲಿಲ್ಲ. ಪತ್ರಿಕೆ ಮಡಚಿ ಬದಿಗಿಟ್ಟು ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದರು. ಕೃಷ್ಣಪ್ಪನವರಂತೂ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುವುದು ಹೆಚ್ಚಾಯಿತು.

ಮೇ ಮೊದಲ ವಾರ ಭರಣಿ ಮಳೆ ಬಂತು. ಆ ವರ್ಷದ ಮೊದಲ ಮಳೆ. ಬೀದಿಯವರೆಲ್ಲ ಹೊರಗೆ ಬಂದು ಮುಖ ಒಡ್ಡಿಕೊಂಡು ನಿಂತರು, ನಾನೂ ನಿಂತೆ. ಒಂದೇ ಸಂಜೆ ಸುರಿದು ನಿಂತುಹೋಯಿತು. ಆಮೇಲೆ ಮೋಡ ಕಟ್ಟುವುದು, ಕರಗುವುದು, ಇಷ್ಟೇ.

ಹೆಗ್ಗನಹಳ್ಳಿಯ ಕೆಂಚಪ್ಪ ನಮ್ಮ ಮನೆಗೆ ಹಾಲು ತರುತ್ತಿದ್ದ. ಹಾಲಿಗಿಂತ ಸುದ್ದಿಯನ್ನೇ ಹೆಚ್ಚು ಅಳೆಯುವವನು. ಮಳೆಯಾಗಿ ಒಂಬತ್ತು ದಿನಕ್ಕೆ, ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ಕೂತು ಅಮ್ಮನಿಗೆ ತನ್ನೂರಿನ ವಿಚಿತ್ರ ಹೇಳತೊಡಗಿದ. ಮುನಿತಾಯಮ್ಮ ಎಂಬ ಒಂಟಿ ಮುದುಕಿ ಸೂತಕ ಹಿಡಿದು ಕೂತಿದ್ದಾಳಂತೆ. ಬಾಗಿಲಿಗೆ ಸಾರಿಸಿ ರಂಗೋಲಿ ಹಾಕುವುದಿಲ್ಲ, ದೇವರ ದೀಪ ಹಚ್ಚುವುದಿಲ್ಲ, ಪಕ್ಕದ ಮನೆಯ ಮದುವೆಗೂ ಹೋಗಲಿಲ್ಲ. ಅವಳ ಕಡೆಯವರು ಯಾರೂ ಸತ್ತಿಲ್ಲ.

"ಸತ್ತೋರು ಯಾರಜ್ಜಿ ಅಂದ್ರೆ ಒಂದು ಪೆಟ್ಟಿಗೆ ಕಡೆ ಕೈ ತೋರುಸ್ತಾಳೆ ಕಣವ್ವ," ಎಂದು ಕೆಂಚಪ್ಪ ನಕ್ಕ. "ಮಳೆ ಬಂದ ಮಾರನೇ ದಿನ ಹೊಲದ ಬೇಲಿ ಒಳಗೆ ಸಿಕ್ಕಿತಂತೆ. ಮ್ಯಾಲೆ ಬರ್ದೈತೆ, ದೀಪ ತೋರುಸ್ಕೂಡ್ದು ಅಂತ."

ಒಳಗೆ ಜಪಕ್ಕೆ ಕೂತಿದ್ದ ಅಣ್ಣನ ಕೈಯಲ್ಲಿ ಮಣಿ ನಿಂತಿತು. ನನಗೆ ಆಗ ಹೊಳೆಯಿತು. ಸಾವಾದ ಮನೆಯಲ್ಲಿ ಅಲ್ಲವೇ ದೇವರಿಗೆ ದೀಪ ತೋರಿಸದೆ ಇರುವುದು. ಬೆಳಕನ್ನು ಮನಸ್ಸಿನಲ್ಲಿಟ್ಟುಕೊಂಡು ಅಣ್ಣ ಬರೆದ ಮಾತು ಹೆಗ್ಗನಹಳ್ಳಿಗೆ ಹೋಗಿ ಬೇರೆಯದನ್ನೇ ಹೇಳಿತ್ತು.

ಕೆಂಚಪ್ಪ ಇನ್ನೂ ಹೇಳುತ್ತಿದ್ದ. ಆ ಪೆಟ್ಟಿಗೆ ಊರಿನ ಎಲ್ಲೆಯೊಳಗೆ ಇರುವುದರಿಂದಲೇ ಕೃತ್ತಿಕೆ ಮಳೆ ಬಾರದೆ ನಿಂತಿದೆ ಎಂದು ಊರಿನವರ ಮಾತು. ಇವತ್ತು ಅದನ್ನು ಕಿತ್ತುಕೊಂಡು ಹಾಳುಬಾವಿಗೆ ಹಾಕುವುದೆಂದು ತೀರ್ಮಾನವಾಗಿತ್ತು.

ಅಣ್ಣ ಅಂಗವಸ್ತ್ರ ಹೊದ್ದು ಹೊರಗೆ ಬಂದೇಬಿಟ್ಟರು. ಒಂದು ಗಂಟೆಯೊಳಗೆ ಕೃಷ್ಣಪ್ಪನವರ ಜೀಪಿನಲ್ಲಿ ನಾವು ಮೂವರೂ ಮಾಗಡಿ ರಸ್ತೆಯಲ್ಲಿದ್ದೆವು. ನೀರಿಗೆ ಬಿದ್ದರೆ ಫಲಕಗಳ ಲೇಪ ಊದಿ ಕಳಚಿಹೋಗುತ್ತದೆ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು.

ಮುನಿತಾಯಮ್ಮನ ಮನೆಯ ಮುಂದೆ ಹತ್ತಿಪ್ಪತ್ತು ಜನ ನಿಂತಿದ್ದರು. ಮುಂದೆ ಚಿಕ್ಕಹನುಮಯ್ಯ, ಊರಿನ ಹಿರಿಯ, ಹೆಗಲ ಮೇಲೆ ಹಗ್ಗದ ಸುರುಳಿ. ಮುದುಕಿ ಅಂಗಳದ ನಡುವೆ ಒಂದು ಚಪ್ಪಡಿಯ ಮೇಲೆ ಕೂತಿದ್ದಳು. ಕೃಷ್ಣಪ್ಪನವರು ನೋಡಿದ ಕೂಡಲೇ, ಪೆಟ್ಟಿಗೆಯನ್ನು ಹಗೇವಿನಲ್ಲಿ ಇಟ್ಟಿದ್ದಾಳೆ ಎಂದರು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಆಳದ ಕಣಜ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಒಳಗೆ ಕೊಂಚವೂ ಬೆಳಕಿಲ್ಲ.

ಪೆಟ್ಟಿಗೆ ತಮ್ಮದು ಎಂದು ಕೃಷ್ಣಪ್ಪನವರು ಹೇಳಿದರು. ವಿಳಾಸವಿದ್ದ ಕಾಗದ ಎಲ್ಲಿ ಎಂದು ಕೇಳಿದರೆ, ಮಳೆಗೆ ತೊಳೆದುಹೋಗಿ ಬಿಳಿಯ ಹಾಳೆಯಷ್ಟೇ ಉಳಿದಿತ್ತಂತೆ. ಉಳಿದದ್ದು ಮುಚ್ಚಳದ ಮೇಲಿನ ಕೆಂಪು ಅಕ್ಷರ ಮಾತ್ರ.

"ಓದಿದ್ದು ನಾನೇ ಸ್ವಾಮಿ," ಎಂದ ಚಿಕ್ಕಹನುಮಯ್ಯ, ಅಣ್ಣನ ಮುಖ ನೋಡಿ. "ನಾಕನೇ ಕ್ಲಾಸಿನ ಗಂಟ ಓದಿವ್ನಿ. ತಪ್ಪಾಯ್ತಾ?"

"ಇಲ್ಲಪ್ಪ. ನೀನು ಸರಿಯಾಗೇ ಓದಿದೀಯೆ," ಎಂದರು ಅಣ್ಣ. "ಬರೆದೋನು ನಾನು."

ಮುನಿತಾಯಮ್ಮ ಎದ್ದು ನಿಂತಳು. ಎತ್ತರದ ಹೆಂಗಸು. ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎನ್ನುವ ಹಾಗೆ ತಲೆಯಾಡಿಸಿದಳು.

"ಮುಗಿಲಿಂದ ಒಂಟಿಯಾಗಿ ಬಂದು ಬಿದ್ದದೆ. ಹೆತ್ತೋರ್ ಯಾರೋ, ಹೊರೋರ್ ಯಾರೋ. ಇವ್ರು ಬಾವಿಗಾಕು ಅಂತಾರೆ. ಸತ್ತೋರ್ನ ಬಾವಿಗಾಕ್ತಾರಾ ಬುದ್ಧಿ? ಯಾರೂ ಇಲ್ದೋರ್ಗೆ ಹನ್ನೊಂದ್ ದಿನ ನಾನಾದ್ರೂ ಸೂತಕ ಹಿಡಿಯಾನ ಅಂದೆ."

ಒಳಗೆ ಸತ್ತವರು ಯಾರೂ ಇಲ್ಲ, ಗಾಜಿನ ಫಲಕಗಳಿವೆ, ಬೆಳಕು ಬೀಳಬಾರದೆಂದು ಹಾಗೆ ಬರೆದದ್ದು ಎಂದು ಕೃಷ್ಣಪ್ಪನವರು ಅವರ ಮಾತಿನಲ್ಲೇ ಬಿಡಿಸಿ ಹೇಳಿದರು. ಜನ ಕೇಳಿದರು. ಯಾರೋ ಹಿಂದಿನಿಂದ, ಗಾಜಿಗ್ಯಾಕೆ ಕತ್ಲು ಬೇಕಂತೆ ಎಂದು ಕುಟುಕಿದ. ಮುನಿತಾಯಮ್ಮ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಚಪ್ಪಡಿ ಬಿಟ್ಟು ಪಕ್ಕಕ್ಕೆ ಸರಿದಳು.

ಕಲ್ಲು ಎಬ್ಬಿಸಿದಾಗ ಒಳಗಿನಿಂದ ಮುಗ್ಗಿದ ವಾಸನೆ ಬಂತು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಇಳಿದವರು ಇಳಿದಲ್ಲೇ ಹೋದದ್ದುಂಟು. ಅದಕ್ಕೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ಅದು ಆರದೆ ಉರಿದರೆ ಮನುಷ್ಯ ಇಳಿಯಬಹುದು. ಚಿಕ್ಕಹನುಮಯ್ಯ ರೂಢಿಯಂತೆ ಬುಡ್ಡಿ ಹಚ್ಚಿ ತಂದ. ಮುನಿತಾಯಮ್ಮ ಅವನ ಕೈ ಹಿಡಿದಳು.

ಕೃಷ್ಣಪ್ಪನವರೂ ಬೇಡವೆಂದರು. ಮುಚ್ಚಳದ ಒಂದು ಕಡೆ ಸಂದು ಬಿಟ್ಟಿದೆ ಎಂದು ಮುದುಕಿ ಹೇಳಿದ್ದಳು. ಒಳಗಿನ ಕಪ್ಪು ಕಾಗದ ಹರಿದಿದೆಯೋ ಏನೋ. ಹಗೇವಿನ ಬಾಯಿಗೆ ಎರಡು ಕಂಬಳಿ ಎತ್ತಿ ಹಿಡಿಸಿ ಬಿಸಿಲು ಮರೆಮಾಡಿಸಿದರು. ಇಬ್ಬರು ಮೊರದಿಂದ ಅರ್ಧ ಗಂಟೆ ಗಾಳಿ ಬೀಸಿದರು. ಆಮೇಲೆ ಕೃಷ್ಣಪ್ಪನವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, "ಕಿಟ್ಟಪ್ಪ ಅಂತ ನನ್ನ ಹೆಸರು ಹಿಡಿದು ಕೂಗ್ತಾ ಇರಿ, ಓಗೊಡ್ತೀನಿ. ಓಗೊಡದಿದ್ರೆ ಎಳೀರಿ," ಎಂದು ಚಿಕ್ಕಹನುಮಯ್ಯನಿಗೆ ಹೇಳಿ ಕಂಬಳಿಯ ಕೆಳಗೆ ನುಸುಳಿ ಕತ್ತಲೆಗೆ ಇಳಿದರು.

ಕಿಟ್ಟಪ್ಪೋ ಎಂದು ಚಿಕ್ಕಹನುಮಯ್ಯ ಕೂಗಿದ. ಓ ಎಂದರು. ಮತ್ತೆ ಕೂಗಿದ. ಮತ್ತೆ ಓ, ಇನ್ನೂ ಕೆಳಗಿನಿಂದ. ಮೂರನೆಯ ಸಲ ಕೂಗಿದಾಗ ಏನೂ ಬರಲಿಲ್ಲ. ಅಣ್ಣನ ತುಟಿ ಅಲುಗುತ್ತಿತ್ತು. ಚಿಕ್ಕಹನುಮಯ್ಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಾಗ ತಳದಿಂದ ಕ್ಷೀಣವಾಗಿ ಒಂದು ಕೆಮ್ಮು, ಆಮೇಲೆ, "ಎಳೀರಿ."

ಮೊದಲು ಪೆಟ್ಟಿಗೆ ಬಂತು. ಅದನ್ನು ಕಂಬಳಿಯಲ್ಲಿ ಸುತ್ತಿದೆವು. ಆಮೇಲೆ ಅವರು ಬಂದರು, ಮುಖ ಬೂದಿಯ ಬಣ್ಣ. ಮುನಿತಾಯಮ್ಮ ನೀರು ಕೊಟ್ಟಳು. ಹೊರಡುವಾಗ ಕೃಷ್ಣಪ್ಪನವರು ಅವಳಿಗೆ, ಅವ್ವ, ಇವತ್ತೇ ದೀಪ ಹಚ್ಚು, ಸೂತಕ ಏನೂ ಇಲ್ಲ ಎಂದರು. ಅವಳು ಕಂಬಳಿಯ ಗಂಟಿನ ಕಡೆ ನೋಡಿ, "ಹನ್ನೊಂದ್ ದಿನ ಆಗ್ಲಿ ಮಗಾ," ಎಂದಳು.

ಕತ್ತಲೆ ಕೋಣೆಯಲ್ಲಿ ಫಲಕಗಳನ್ನು ಸಂಸ್ಕರಿಸಿ ತೊಳೆದು ಒಣಗಿಸುವುದಕ್ಕೆ ವಾರ ಹಿಡಿಯಿತು. ಕೋಣೆಯಿಂದ ಹೊರಬಂದ ಮೊದಲನೆಯ ಫಲಕವನ್ನು ಕೃಷ್ಣಪ್ಪನವರು ಕಿಟಕಿಗೆ ಹಿಡಿದರು. ತಿಳಿಯಾಗಿತ್ತು. ನಲವತ್ತೆಂಟೂ ಬೆಳಕು ತಾಗದೆ ಉಳಿದಿದ್ದವು. ಯಾವ ಪೆಟ್ಟಿಗೆಯನ್ನೂ ಯಾರೂ ಇಷ್ಟು ನಿಷ್ಠೆಯಿಂದ ಕತ್ತಲೆಯಲ್ಲಿ ಕಾಪಾಡಿರಲಾರರು. ಆ ದಿನ ಪ್ರಯೋಗಶಾಲೆಗೆಲ್ಲ ಅವರೇ ಕಾಫಿ ತರಿಸಿದರು. ಅಣ್ಣನಿಗೂ ಹೇಳಿ ಕಳಿಸಿದರು, ಪಂಡಿತರ ತಪ್ಪು ನಮ್ಮನ್ನು ಉಳಿಸಿತು ಎಂದು.

ಮಾರನೆಯ ದಿನ ನಾನು ಮೊದಲನೆಯ ಫಲಕವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಡುವಿನಲ್ಲಿ ಒಳ್ಳೆಯ ನಕ್ಷತ್ರಗಳಿದ್ದವು. ನೋಡುತ್ತ ನೋಡುತ್ತ ಬಲಗಡೆಯ ಅಂಚಿಗೆ ಬಂದೆ. ಅಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಧೂಳೆಂದುಕೊಂಡು ಒರೆಸಿದೆ. ಹೋಗಲಿಲ್ಲ, ಅದು ಲೇಪದ ಒಳಗಿತ್ತು. ಇನ್ನೂ ಹತ್ತಿರ ತಂದು ನೋಡಿದರೆ ನಡುವೆ ರಾಗಿಕಾಳಿನಂಥ ಕಗ್ಗತ್ತಲೆ, ಸುತ್ತಲೂ ಒತ್ತೊತ್ತಾಗಿ ಎಣಿಸಲಾಗದಷ್ಟು ಗೆರೆ. ನಕ್ಷತ್ರಕ್ಕೆ ಆರು, ಎಂಟು, ಹೆಚ್ಚೆಂದರೆ ಇಪ್ಪತ್ತು ಗೆರೆ. ಇದು ಕಪ್ಪು ಸೂರ್ಯ. ಪಕ್ಕದಲ್ಲಿ ಇನ್ನೊಂದಿತ್ತು. ಅಂಚಿನುದ್ದಕ್ಕೂ ಹನಿ ಜಾರಿದ ದಾರಿಯಂತೆ ಹದಿನೇಳು ಚುಕ್ಕೆ ಎಣಿಸಿದೆ. ಎರಡನೆಯ ಫಲಕದಲ್ಲಿ ಹದಿಮೂರು. ಮೂರನೆಯದರಲ್ಲಿ ಹತ್ತೊಂಬತ್ತು. ಸಂಜೆಯ ಹೊತ್ತಿಗೆ ಹನ್ನೆರಡು ಫಲಕ ನೋಡಿ ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆದು ಕೃಷ್ಣಪ್ಪನವರನ್ನು ಕರೆದೆ.

ಅವರು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಪೆಟ್ಟಿಗೆಯ ಮುಚ್ಚಳ ತರಿಸಿ ಸಂದು ಬಿಟ್ಟ ಕಡೆ ಬೆರಳಾಡಿಸಿದರು. ಫಲಕಗಳ ಬಲ ಅಂಚು ಆ ಸಂದಿನ ಕೆಳಗೇ ಇತ್ತು. ಮಳೆಯ ನೀರು ತೊಟ್ಟಿಕ್ಕಿ, ಕಪ್ಪು ಕಾಗದದ ಮೇಲೆ ಇಳಿದು ಆರಿತ್ತು. ನೀರು ಆರಿದರೂ ಅದರ ಜೊತೆ ಬಂದದ್ದು ಕಾಗದದ ಮೇಲೆ ಕೂತು, ಹಗೇವಿನ ಕತ್ತಲೆಯಲ್ಲಿ, ಪ್ರಯೋಗಶಾಲೆಯ ಕತ್ತಲೆಯಲ್ಲಿ, ತನ್ನ ಗೆರೆಗಳನ್ನು ಎಳೆಯುತ್ತಲೇ ಇತ್ತು.

ಎಲ್ಲಿಂದ ಬಂದದ್ದು ಸಾರ್ ಎಂದೆ. ಖಚಿತವಾಗಿ ಹೇಳಲಾರೆ ಎಂದರು. ಬಾಂಬು ಸಿಡಿಸಿದ ಬೂದಿ ಕಣಗಳನ್ನು ಉಗುಳುತ್ತಲೇ ಇರುತ್ತದೆ; ಮೇಲಿನ ಗಾಳಿಗೆ ಸೇರಿದರೆ ದೇಶಗಳನ್ನು ಸುತ್ತುತ್ತದೆ. ಮೊದಲು ಸಿಕ್ಕಿದ ಮಳೆಯಲ್ಲಿ ಇಳಿಯುತ್ತದೆ. ಕಡಲಾಚೆಯವರ ಕಡೆಯದಿರಬಹುದು, ಹಿಮದಾಚೆಯವರ ಕಡೆಯದಿರಬಹುದು. ಚುಕ್ಕೆ ನೋಡಿದರೆ ಯಾರದೆಂದು ತಿಳಿಯುವುದಿಲ್ಲ. ಅವರು ಮೆಲ್ಲಗೆ ಹೇಳುತ್ತಿದ್ದರೆ ನನ್ನ ಕಣ್ಣ ಮುಂದೆ ಭರಣಿ ಮಳೆಗೆ ಮುಖ ಒಡ್ಡಿ ನಿಂತ ನಮ್ಮ ಬೀದಿ ಬಂತು. ಮುಚ್ಚಳದ ಕೆಸರನ್ನು ಕೈಯಿಂದ ಒರೆಸಿ ಅಕ್ಷರ ಹುಡುಕಿದ ಮುನಿತಾಯಮ್ಮ ಬಂದಳು. ಹೆಗ್ಗನಹಳ್ಳಿಯ ಬದುಗಳಲ್ಲಿ ಹೊಸ ಹುಲ್ಲು ಮೇಯುತ್ತಿದ್ದ ಕೆಂಚಪ್ಪನ ಹಸುಗಳೂ ಬಂದವು.

ಕೃಷ್ಣಪ್ಪನವರು ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ಪಾಲು ಹೊರಡಲು ಹನ್ನೆರಡು ದಿನವಿತ್ತು. ಈ ಅಂಚುಗಳು ಹಾಗೇ ಹೋದರೆ ಏನಾಗುತ್ತದೆಂದು ಅವರು ವಿವರಿಸಬೇಕಾಗಿರಲಿಲ್ಲ. ಇದು ನಿಮ್ಮದು ಎಂದು ಎರಡು ಸರ್ಕಾರಗಳಿಗೂ ಅಂಗೈಯಲ್ಲಿ ಇಟ್ಟು ತೋರಿಸಿದ ಹಾಗೆ. ಇದೊಂದು ಸಲ ನೋಡುತ್ತೇವೆ ಎಂದವರು ಮತ್ತೆ ನೋಡುವುದಿಲ್ಲ. ಒಂದೂವರೆ ವರ್ಷದ ಕೆಲಸ, ಮುಂದಿನ ಕಾಗದಗಳೆಲ್ಲ, ಇಲ್ಲಿಗೇ ಮುಗಿಯುತ್ತವೆ. ಪ್ರಯೋಗಶಾಲೆಯಲ್ಲಿ ಗಾಜು ಕೊಯ್ಯುವ ವಜ್ರದ ಮೊನೆಯ ಕತ್ತಿ ಇತ್ತು. ಅರ್ಧ ಅಂಗುಲ ಕೊಯ್ದುಬಿಟ್ಟರೆ ಫಲಕ ಶುದ್ಧ.

ಅವರು ನನ್ನ ಕಡೆ ತಿರುಗದೆಯೇ ಕೇಳಿದರು. "ಪುಸ್ತಕದಲ್ಲಿ ಬರ್ದುಬಿಟ್ಟಿದೀಯೇನಮ್ಮ?"

ಬರೆದಿದ್ದೇನೆ ಎಂದೆ.

"ಆ ಹಾಳೆ ಬಿಟ್ಟು ಬೇರೆ ಹಾಳೆಯಿಂದ ಶುರು ಮಾಡೋಕಾಗುತ್ತಾ, ಯೋಚನೆ ಮಾಡು. ನಾಳೆ ಹೇಳು."

ಅವರು ದಬ್ಬಾಳಿಕೆಯಿಂದ ಕೇಳಲಿಲ್ಲ. ಬೇಡುವ ದನಿಯಿತ್ತು. ಅದಕ್ಕೇ ನನಗೆ ಹೆಚ್ಚು ಭಯವಾದದ್ದು.

ಮನೆಗೆ ಬಂದಾಗ ಅಣ್ಣ ಓದಲು ಕೂತಿದ್ದರು. ಯುದ್ಧದ ಭಾಗ ನಡೆಯುತ್ತಿತ್ತು. ಒಬ್ಬೊಬ್ಬರೇ ಬೀಳುತ್ತಿದ್ದರು. ನಾನು ಕಂಬಕ್ಕೆ ಒರಗಿದೆ, ಆದರೆ ಕಿವಿಗೆ ಪದ್ಯ ಹತ್ತಲಿಲ್ಲ. ಅಣ್ಣ ದನಿ ನಿಲ್ಲಿಸಿ ಏನಾಯಿತೆಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಕೇಳಿ ಮುಗಿದ ಮೇಲೆ ಅವರು ದೀಪದ ಕುಡಿಯನ್ನು ಸರಿಮಾಡಿದರು.

ಕಾವ್ಯ ಓದುವವರಲ್ಲಿ ಒಂದು ನಿಯಮವಿದೆ. ಸಾವು, ಶಾಪ, ಇಂಥ ಅಶುಭ ಬರುವ ಕಡೆ ಪುಸ್ತಕ ಮುಚ್ಚುವ ಹಾಗಿಲ್ಲ. ಎಷ್ಟೇ ಹೊತ್ತಾಗಲಿ, ಒಳ್ಳೆಯ ಮಾತು ಬರುವವರೆಗೆ ಮುಂದಕ್ಕೆ ಓದಿ ಮಂಗಳ ಹಾಡಿಯೇ ನಿಲ್ಲಿಸಬೇಕು. ನಾನು ಕೇಳಿದೆ, ಅಶುಭದ ಪದ್ಯವನ್ನೇ ಬಿಟ್ಟು ಮುಂದಿನದಕ್ಕೆ ಹೋಗಬಹುದೇ ಎಂದು.

"ಹಾಳೆ ಕಿತ್ತು ಹಾಕಿ ಓದೋದನ್ನ ಓದು ಅಂತಾರೇನೇ ಅನಂತು? ಅದನ್ನೂ ದಾಟಿಕೊಂಡೇ ಹೋಗ್ಬೇಕು ಕಣೇ."

ಮತ್ತೆ ಓದಿಗೆ ತೊಡಗಿದರು. ಆ ಸಂಜೆ ಒಳ್ಳೆಯ ಮಾತು ಬೇಗ ಬರಲಿಲ್ಲ. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ಅಣ್ಣ ಕೈಯಾಡಿಸಿ ಮುಂದಕ್ಕೆ ಓದಿದರು.

ಬೆಳಿಗ್ಗೆ ಅಣ್ಣ ಹೇಳಿದ್ದನ್ನೇ ಕೃಷ್ಣಪ್ಪನವರಿಗೆ ಹೇಳಿದೆ. ಆ ಪ್ರಯೋಗಶಾಲೆಯಲ್ಲಿ ಅವರ ಮಾತಿಗೆ ಎದುರಾಗಿ ನಾನು ಆಡಿದ ಮಾತು ಅದೊಂದೇ ಇರಬೇಕು. ಅವರು ಕತ್ತಿಯನ್ನು ಮೇಜಿನ ಸೆಳೆಖಾನೆಗೆ ಹಾಕಿ, ಮೇಲೆ ಬಟ್ಟೆ ಹಾಸಿ, ಫಲಕಗಳನ್ನು ಹಂಚತೊಡಗಿದರು. ಒಂದನೆಯದು ನಮಗೆ. ಎರಡನೆಯದು ಕಡಲಾಚೆಗೆ. ಮೂರನೆಯದು ಹಿಮದಾಚೆಗೆ. ಪ್ರತಿಯೊಂದರ ಅಂಚಿನಲ್ಲೂ ಚುಕ್ಕೆಗಳಿದ್ದವು. ಪಂಕ್ತಿಯಲ್ಲಿ ಯಾರಿಗೂ ಕಡಿಮೆಯಾಗಲಿಲ್ಲ. ಜೊತೆಗೆ ಹೋದ ಕಾಗದದಲ್ಲಿ ಮಳೆ ಬಿದ್ದ ದಿನ, ಊರಿನ ಹೆಸರು, ನನ್ನ ಪುಸ್ತಕದ ಲೆಕ್ಕ ಇಷ್ಟನ್ನೇ ಬರೆದರು. ಯಾರದೆಂದು ಕೇಳಲಿಲ್ಲ.

ಜೂನ್ ಮುಗಿಯಿತು. ಜುಲೈ ಮುಗಿಯಿತು. ಮಳೆಗಾಲವೆಲ್ಲ ಕಾಗದವಿಲ್ಲ. ಮಳೆ ಬಂದಾಗ ನಾನು ಹೊರಗೆ ಹೋಗುತ್ತಿರಲಿಲ್ಲ. ಕೆಂಚಪ್ಪ ತಂದ ಹಾಲು ಒಲೆಯ ಮೇಲೆ ಉಕ್ಕಿ ಬರುವಾಗ ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದೆ. ಅಮ್ಮ ಗದರುತ್ತಿದ್ದಳು. ಮುನಿತಾಯಮ್ಮ ಹನ್ನೊಂದು ದಿನ ಕಳೆದು ದೀಪ ಹಚ್ಚಿದಳೆಂದೂ ಹಗೇವಿನಲ್ಲಿ ಉಳಿದಿದ್ದ ರಾಗಿಯಲ್ಲೇ ಅಂಬಲಿ ಮಾಡಿ ಕೇರಿಗೆಲ್ಲ ಹಂಚಿದಳೆಂದೂ ಕೆಂಚಪ್ಪ ಹೇಳಿದ.

ಸೆಪ್ಟೆಂಬರಿನಲ್ಲಿ ಎರಡೂ ಕಾಗದ ಒಂದೇ ವಾರದಲ್ಲಿ ಬಂದವು. ಕೃಷ್ಣಪ್ಪನವರು ಅಣ್ಣನನ್ನೂ ಕರೆಸಿ ನಮ್ಮ ಮುಂದೆಯೇ ಒಡೆದರು. ಕಡಲಾಚೆಯವರು ಬರೆದಿದ್ದರು: ನಿಮ್ಮ ಹದಿಮೂರನೆಯ ಫಲಕದಿಂದ ಬಂದ ಗೆರೆ ನಮ್ಮ ಹದಿನಾಲ್ಕರಲ್ಲಿ ಸಿಕ್ಕಿದೆ, ಹದಿನೈದರಲ್ಲಿ ಅದು ಎತ್ತ ಹೋಯಿತೆಂದು ಹಿಮದಾಚೆಯವರನ್ನು ದಯವಿಟ್ಟು ಕೇಳಿ. ಹಿಮದಾಚೆಯವರು ಕೇಳುವ ಮೊದಲೇ ಹದಿನೈದರ ಅಳತೆಗಳನ್ನು ಕಳಿಸಿದ್ದರು. ಗೆರೆ ಗೆರೆಗೆ ಕೂಡಿತ್ತು. ಮುಂದಿನ ವರ್ಷದ ಬಲೂನಿಗೂ ಎರಡು ಕಡೆಯಿಂದ ಒಪ್ಪಿಗೆ ಇತ್ತು. ಕೃಷ್ಣಪ್ಪನವರು ಕೇಳಿದ್ದೆಲ್ಲ ಸಿಕ್ಕಿತ್ತು.

ಆಮೇಲೆ ಅವರು ಎರಡೂ ಕಾಗದಗಳ ಕೊನೆಯ ಸಾಲನ್ನು ಅಕ್ಕಪಕ್ಕ ಇಟ್ಟು ನಮಗೆ ತೋರಿಸಿದರು. ಎರಡರಲ್ಲೂ ಒಂದೇ ಮಾತು. ಸಾಗಾಣಿಕೆಯಲ್ಲಿ ಫಲಕಗಳ ಬಲ ಅಂಚು ಮುರಿದಿದ್ದು, ಆ ಭಾಗವನ್ನು ತೆಗೆದುಹಾಕಲಾಗಿದೆ.

ಅಷ್ಟು ಒಮ್ಮತ ಆ ಎರಡು ದೇಶಗಳ ನಡುವೆ ಬೇರೆ ಯಾವುದರಲ್ಲೂ ಇದ್ದದ್ದನ್ನು ನಾನು ಕಾಣೆ.

ಎರಡರಲ್ಲಿ ಒಂದು ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ, ಅವಸರದ ಕೈಯಲ್ಲಿ, ಇನ್ನೂ ಒಂದು ಸಾಲಿತ್ತು. ಯಾವ ಕಾಗದದಲ್ಲಿ ಎಂದು ನಾನು ಇಂದಿಗೂ ಯಾರಿಗೂ ಹೇಳಿಲ್ಲ. ಬರೆದವರು ಎಲ್ಲಿದ್ದಾರೋ, ಹೇಗಿದ್ದಾರೋ. ನಿಮ್ಮ ಪಾಲಿನ ಅಂಚುಗಳನ್ನು ಕಳೆಯಬೇಡಿ ಎಂದಿತ್ತು.

ಕೃಷ್ಣಪ್ಪನವರು ನಮ್ಮ ಹದಿನಾರು ಫಲಕಗಳನ್ನು ಮತ್ತೆ ಕಪ್ಪು ಕಾಗದದಲ್ಲಿ ಸುತ್ತಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿದರು. ಮುಂದಿನ ಬಲೂನಿಗೆ ಸೂಚನೆಯನ್ನು ತಿದ್ದಿಕೊಡಿ ಎಂದು ಅಣ್ಣನನ್ನು ಕೇಳಿದರು. ಅಣ್ಣ ಒಪ್ಪಿ, ಬೆಳಕಿಗೆ ಒಡ್ಡಬೇಡಿ ಎಂದು ಹಾಳೆಯ ಮೇಲೆ ಬಿಡಿಬಿಡಿಯಾಗಿ ಬರೆದುಕೊಟ್ಟರು. ಆಮೇಲೆ ಕೆಂಪು ಬಣ್ಣದ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಕುಂಚ ಅದ್ದಿ, ತಗಡಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಬಾಗಿದರು. ಸಂಸ್ಕರಿಸಿದ ಫಲಕಕ್ಕೆ ಬೆಳಕು ಏನೂ ಮಾಡುವುದಿಲ್ಲ, ಪಂಡಿತ್ರೇ, ಅದಕ್ಕೆ ಸೂಚನೆ ಬೇಕಿಲ್ಲ ಎಂದು ಕೃಷ್ಣಪ್ಪನವರು ಹೇಳಹೊರಟವರು ಅರ್ಧಕ್ಕೆ ನಿಲ್ಲಿಸಿದರು. ಅಕ್ಷರಗಳು ದುಂಡಗೆ ಮೂಡಿದವು.

ದೀಪ ತೋರಿಸಕೂಡದು.

ಬಣ್ಣ ಒಣಗುವವರೆಗೆ ಮೂವರೂ ಅಲ್ಲೇ ನಿಂತಿದ್ದೆವು. ಹೊರಗೆ ಮಳೆ ಶುರುವಾಗಿತ್ತು.